ಮೋಡ ಬಿತ್ತುವ ವಿಮಾನದ ಜಾಡು ಯಾರದು?

ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಕಪ್ಪತಗುಡ್ಡದ ಸುತ್ತಲಿನ ರೈತರು ಮೋಡದ ಜೊತೆಗೆ ವಿಮಾನದ ದಾರಿಯನ್ನೂ ಕಾಯುವಂತಾಗಿದೆ. ರಾಜ್ಯ ಸರ್ಕಾರ 2003ರಲ್ಲಿ ‘ವರುಣ’ ಎಂದೂ 2017ರಲ್ಲಿ ‘ವರ್ಷಧಾರೆ’ ಎಂದೂ ಹೆಸರಿಟ್ಟು ಮೋಡ ಬಿತ್ತನೆ ನಡೆಸಿತು. 2019ರಲ್ಲಿ ಮತ್ತೆ ನಡೆಸಿತು. 2017ರಲ್ಲಿ ಮೋಡಗಳನ್ನು ಗುರುತಿಸಲು ಬೆಂಗಳೂರು, ಸುರಪುರಗಳ ಜೊತೆಗೆ ಗದಗಿನಲ್ಲಿಯೂ ರಾಡಾರ್ ನಿಂತಿತು. 2019ರಲ್ಲಿ ಹುಬ್ಬಳ್ಳಿಯ ವಿಮಾನ ನಿಲ್ದಾಣ ಬಿತ್ತನೆಯ ತಾತ್ಕಾಲಿಕ ನೆಲೆಯಾಯಿತು. 2023ರಲ್ಲಿ ಹಾವೇರಿ ಜಿಲ್ಲೆಯ ಬಿತ್ತನೆಗೂ ವಿಮಾನ ಏರಿದ್ದು ಅಲ್ಲಿಂದಲೇ.

ಪ್ರಯಾಣಿಕರ ವಿಮಾನಗಳು ಏರಿಳಿಯುವ ನೆಲೆಯಿಂದ, ಗೊತ್ತುಪಡಿಸಿದ ದಾರಿಯಿಲ್ಲದೆ ಮೋಡದ ಬೆನ್ನು ಹತ್ತಿ ತಿರುಗುವ ಸಣ್ಣ ವಿಮಾನವೊಂದು ಹಾರಬೇಕಾದರೆ ಅದರ ಗುರುತು ಪ್ರತಿಕ್ಷಣ ತಿಳಿದಿರಲೇಬೇಕು. ಅದಕ್ಕಾಗಿಯೇ ವಿಮಾನದಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಉಪಕರಣವಿರುತ್ತದೆ. ನೆಲದ ರಾಡಾರ್ ‘ನೀನು ಯಾರು, ಎಷ್ಟು ಎತ್ತರದಲ್ಲಿದ್ದೀ?’ ಎಂದು ರೇಡಿಯೋ ಸಂಕೇತದಲ್ಲಿ ಕೇಳಿದರೆ, ಅದು ನಾಲ್ಕು ಅಂಕಿಗಳ ಗುರುತನ್ನೂ ಎತ್ತರವನ್ನೂ ಹಿಂತಿರುಗಿ ಹೇಳುತ್ತದೆ. ಈಚಿನ ಎ.ಡಿ.ಎಸ್.–ಬಿ ಉಪಕರಣ ಯಾರೂ ಕೇಳುವವರೆಗೆ ಕಾಯುವುದಿಲ್ಲ. ಉಪಗ್ರಹದಿಂದ ತಿಳಿದ ತನ್ನ ನೆಲೆಯನ್ನು ಸೆಕೆಂಡಿಗೆ ಸುಮಾರು ಎರಡು ಸಲ ತಾನೇ ಸಾರುತ್ತದೆ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕ್ ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತರು. ಅಂದು ದೆಹಲಿಯ ನಿಯಂತ್ರಕರಿಗೆ ಇದ್ದ ರಾಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ಎತ್ತರ ಹೇಳುವ ಉಪಕರಣವೂ ಡಿಕ್ಕಿ ತಪ್ಪಿಸುವ ಸಾಧನವೂ ಭಾರತದಲ್ಲಿ ಕಡ್ಡಾಯವಾದದ್ದು ಆ ಹೆಣಗಳನ್ನು ಎಣಿಸಿದ ಮೇಲೆ.

ಆಕಾಶದಲ್ಲಿರುವವರ ಜೀವಕ್ಕಾಗಿ ವಿಮಾನ ತನ್ನ ಜಾಡನ್ನು ಹೇಳಲೇಬೇಕು ಎಂಬುದು ನ್ಯಾಯ. ಹಾಗಾದರೆ ಆ ಜಾಡಿನ ಕೆಳಗೆ ಬದುಕುವವರಿಗೆ ಅದನ್ನು ಕೇಳುವ ಹಕ್ಕಿಲ್ಲವೆ? ಬಿತ್ತನೆಯ ವಿಮಾನ ಬರಿದೆ ಹಾದುಹೋಗುವುದಿಲ್ಲ. ಬೆಳ್ಳಿಯ ಅಯೊಡೈಡನ್ನೋ ಉಪ್ಪಿನ ಜಾತಿಯ ರಾಸಾಯನಿಕವನ್ನೋ ತುಂಬಿದ ಕೊಳವೆಗಳನ್ನು ರೆಕ್ಕೆಗಳಲ್ಲಿ ಹೊತ್ತೊಯ್ದು ಮೋಡದಲ್ಲಿ ಉರಿಸುತ್ತದೆ. ಸಾರ್ವಜನಿಕರ ಹಣದಿಂದ, ಸಾರ್ವಜನಿಕರ ಆಕಾಶದಲ್ಲಿ, ಅವರ ಹೊಲಗಳ ಮೇಲೆ ನಡೆಯುವ ಕೆಲಸವಿದು.

2017ರ ಬಿತ್ತನೆಯಿಂದ ಮಳೆ ಸುಮಾರು ಶೇ 28ರಷ್ಟು ಹೆಚ್ಚಿತೆಂದು ಮೌಲ್ಯಮಾಪನ ಸಮಿತಿ ಹೇಳಿತು. ಮುಂಡರಗಿಯ ರೈತನಿಗೆ ಈ ಶೇಕಡಾ ಲೆಕ್ಕದಿಂದ ತಿಳಿಯುವುದೇನು? ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಲಕ್ಷ್ಮೇಶ್ವರದ ಮೇಲೆ ಬಿತ್ತಿದ ಮೋಡ ಮಳೆಯಾಗುವಷ್ಟರಲ್ಲಿ ಶಿರಹಟ್ಟಿಯತ್ತ ಸರಿದಿರಬಹುದು, ಮಳೆಯಾಗದೆ ಚದುರಿಯೂ ಹೋಗಬಹುದು, ಬಿತ್ತದಿದ್ದರೂ ಸುರಿಯಬಹುದಿತ್ತು. ಇದನ್ನು ಒರೆಗೆ ಹಚ್ಚಲು ಮೂರು ಸಂಗತಿಗಳು ಬೇಕು: ವಿಮಾನ ಹೋದ ಜಾಡು, ಕೊಳವೆ ಉರಿಸಿದ ಗಳಿಗೆ, ಕೆಳಗೆ ಬಿದ್ದ ಮಳೆ. ಮೂರನೆಯದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿಯೇ ಇವೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಮೊದಲನೆಯದನ್ನು ವಿಮಾನವೇ ಸಾರುತ್ತಿದೆ. ಎರಡನೆಯದು ಗುಂಡಿ ಒತ್ತಿದ ಪೈಲಟ್‌ಗೆ ಗೊತ್ತು. ಮೂರನ್ನೂ ಒಂದೇ ಕಾಗದದ ಮೇಲೆ ತಂದು ಗ್ರಾಮಸಭೆಯ ಮುಂದಿಡುವುದಕ್ಕೆ ಅಡ್ಡಿಯೇನು?

ರೈತರಿಗೆ ಇದೆಲ್ಲ ಅರ್ಥವಾಗದು ಎನ್ನುವವರಿದ್ದಾರೆ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೆಸರು, ಜೋಳ, ಶೇಂಗಾ ಬಿತ್ತಿ ಬದುಕಿದವರಿಗೆ ಒಂದು ನಕ್ಷೆ ಅರ್ಥವಾಗದೆ? ವಿಜ್ಞಾನವೂ ಗುಟ್ಟನ್ನು ಬಯಸುವುದಿಲ್ಲ. ನೆರೆಯ ಸೊಲ್ಲಾಪುರದ ಸೀಮೆಯಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 276 ಮೋಡಗಳನ್ನು ಆರಿಸಿ, ಕೆಲವನ್ನು ಬಿತ್ತಿ ಕೆಲವನ್ನು ಬಿತ್ತದೆ ಬಿಟ್ಟು ಹೋಲಿಸಿ ನೋಡಿದರು; ಸರಾಸರಿ ಶೇ 18ರಷ್ಟು ಹೆಚ್ಚಳವೆಂದು 2023ರಲ್ಲಿ ಪ್ರಕಟಿಸಿದರು. ಒಪ್ಪುವವರೂ ಒಪ್ಪದವರೂ ಪರೀಕ್ಷಿಸಬಹುದಾದ ಲೆಕ್ಕವದು.

ಜಾಡು ಬಯಲಾದರೆ ಬಿತ್ತನೆ ಮಾಡುವವರಿಗೇ ಹೆಚ್ಚು ರಕ್ಷಣೆ. ಗಾಳಿಯಂತ್ರದ ರೆಕ್ಕೆಗಳು ಮೋಡವನ್ನು ಓಡಿಸುತ್ತವೆ ಎಂಬ ಮಾತು ಹರಿದಾಡಿದ ನಾಡಿದು. 2019ರಲ್ಲಿ ಬಿತ್ತನೆಯ ಸಿದ್ಧತೆ ನಡೆದ ಮಳೆಗಾಲದಲ್ಲಿಯೇ, ಆಗಸ್ಟ್ ತಿಂಗಳಲ್ಲಿ, ಮಲಪ್ರಭೆ ಉಕ್ಕಿ ನರಗುಂದ, ರೋಣ ಭಾಗದ ಹಳ್ಳಿಗಳು ಮುಳುಗಿದವು. ಆ ನೀರು ಬಂದದ್ದು ಘಟ್ಟದ ಮಳೆಯಿಂದ, ಜಲಾಶಯದಿಂದ. ವಿಮಾನವನ್ನು ದೂರಲು ಆಧಾರವಿಲ್ಲ. ಆದರೆ ಯಾವ ದಿನ ಎಲ್ಲಿ ಹಾರಿತು ಎಂಬ ದಾಖಲೆ ಜನರ ಕೈಯಲ್ಲಿಲ್ಲದಿದ್ದರೆ ಬರಕ್ಕೂ ವಿಮಾನವೇ ಕಾರಣ, ನೆರೆಗೂ ವಿಮಾನವೇ ಕಾರಣ ಎಂದಾಗುತ್ತದೆ.

ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಇದೇ ಜಾತಿಯ ಹಕ್ಕಿಗಳನ್ನು ಕರ್ನಾಟಕದ ಕೆರೆಗಳಲ್ಲಿ ಗುರುತಿಸಿದ್ದಾರೆ. ಎಲ್ಲಿಯ ಹಕ್ಕಿ ಎಂಬುದನ್ನು ಪಟ್ಟಿಯೇ ಹೇಳುತ್ತದೆ. ಸಾವಿರಾರು ಮೈಲಿಯಾಚೆಯ ಹಕ್ಕಿಯ ಊರು ತಿಳಿಯುತ್ತದೆ. ಹುಬ್ಬಳ್ಳಿಯಿಂದ ಅರ್ಧ ಗಳಿಗೆಯಲ್ಲಿ ಬಂದ ವಿಮಾನ ತಲೆಯ ಮೇಲೆ ಏನು ಸುರಿದು ಹೋಯಿತೆಂಬುದು ತಿಳಿಯುವುದಿಲ್ಲ!

ಇನ್ನು ಮುಂದೆ ಈ ಸೀಮೆಯಲ್ಲಿ ಬಿತ್ತನೆ ನಡೆಯುವುದಾದರೆ ಗುತ್ತಿಗೆಯ ಕರಾರಿನಲ್ಲಿಯೇ ಮೂರು ಷರತ್ತುಗಳಿರಲಿ. ಜಾಡು ಸಾರುವ ಉಪಕರಣ ಹಾರಾಟದುದ್ದಕ್ಕೂ ಚಾಲೂ ಇರಬೇಕು. ಹಾರಾಟದ ನಕ್ಷೆ, ಉರಿಸಿದ ಕೊಳವೆಗಳ ಲೆಕ್ಕ ಮತ್ತು ರಾಸಾಯನಿಕದ ಹೆಸರು ವಾರದೊಳಗೆ ಕನ್ನಡದಲ್ಲಿ ಪಂಚಾಯಿತಿಯ ಫಲಕಕ್ಕೆ ಬರಬೇಕು. ಲೆಕ್ಕ ಕೊಡದ ಹಾರಾಟಕ್ಕೆ ಬಿಲ್ಲು ಪಾವತಿಯಾಗಬಾರದು.

ಹೂಳು ತುಂಬಿದ ಕೆರೆಗೂ ಬೋಳಾದ ಗುಡ್ಡಕ್ಕೂ ವಿಮಾನ ಮದ್ದಲ್ಲ. ಸುರಿದ ಮಳೆಯನ್ನು ಹಿಡಿಯುವುದು ಗುಡ್ಡದ ಹುಲ್ಲು, ಹೊಲದ ಒಡ್ಡು, ಊರ ಕೆರೆ. ಒಡ್ಡು ಹಾಕಿದ ಕೂಲಿಯವನಿಂದ ಅಳತೆಯ ಲೆಕ್ಕ ಕೇಳುವ ಸರ್ಕಾರ ಮೋಡಕ್ಕೆ ಕೋಟಿ ಸುರಿಯುವವರಿಂದಲೂ ಲೆಕ್ಕ ಕೇಳಲಿ.