ಬೈರನ್ನನೂ ಬಾಡಿಗೆದಾರನೇ

ಜಿನೀವಾ ಸರೋವರದ ಮೇಲಣ ಗುಡ್ಡದಲ್ಲಿರುವ ವಿಲ್ಲಾ ದಿಯೊದಾತಿ ಇಂದು ಸಿರಿವಂತರ ಅಪಾರ್ಟ್‌ಮೆಂಟುಗಳಾಗಿ ಹಂಚಿಹೋಗಿದೆ. ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರಿಗೆ ಇದು ಕಸಿವಿಸಿಯ ಸಂಗತಿ. 1816ರ ಬೇಸಿಗೆಯಲ್ಲಿ, ಬಿಡದೆ ಸುರಿದ ಮಳೆಯ ನಡುವೆ, ಎಲ್ಲರೂ ಒಂದೊಂದು ಭೂತದ ಕತೆ ಬರೆಯೋಣವೆಂದು ಬೈರನ್ ಸೂಚಿಸಿದ್ದು ಇಲ್ಲಿಯೇ. ಹದಿನೆಂಟರ ಮೇರಿಗೆ ‘ಫ್ರಾಂಕೆನ್‌ಸ್ಟೈನ್’ ಹೊಳೆದದ್ದು ಆಗಲೇ. (ಮಿಲ್ಟನ್ನನೂ ಈ ಮನೆಯಲ್ಲಿ ತಂಗಿದ್ದನೆಂಬುದು ಕಟ್ಟುಕತೆ, ಮನೆ ಎದ್ದದ್ದು 1710ರಲ್ಲಿ, ಅವನು ತೀರಿಕೊಂಡದ್ದು 1674ರಲ್ಲಿ.) ಆದರೆ ಬೈರನ್ನನೂ ಆ ಬೇಸಿಗೆಯ ಬಾಡಿಗೆದಾರನೇ ಅಲ್ಲವೆ? ವರ್ಗವಾದ ಊರುಗಳಲ್ಲೆಲ್ಲ ಸರ್ಕಾರಿ ವಸತಿಗೃಹಗಳಲ್ಲಿ ಬಾಳುವ ನಾವು ಬಾಡಿಗೆದಾರರನ್ನು ಹಳಿಯಲಾರೆವು. ವಿಲ್ಲಾದ ಪಕ್ಕದಲ್ಲಿ ಬೈರನ್ನನ ಹೆಸರಿನ ಹುಲ್ಲುಗಾವಲೊಂದಿದೆ. ಅಲ್ಲಿ ನಿಂತು ಯಾರು ಬೇಕಾದರೂ ಸರೋವರವನ್ನು ನೋಡಬಹುದು. ಮನೆಯೊಳಗಣ ಗೋಡೆಗಳನ್ನು ಹೇಗಾದರೂ ಹಂಚಿಕೊಳ್ಳಲಿ, ಆ ಹುಲ್ಲುಗಾವಲಿಗೆ ಮಾತ್ರ ಬೇಲಿ ಬೀಳಕೂಡದು.