ಬಿಸಿಲೂ ಬ್ಯಾಟರಿಯೂ

ಈ ಸಂಚಿಕೆ ವಾಚಕರ ಕೈಸೇರುವ ಹೊತ್ತಿಗೆ ಮಕ್ಕಳ ಪರೀಕ್ಷೆಗಳು ಮುಗಿದಿರುತ್ತವೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ಆಮೇಲೆ ಮಾತು ಒಂದೇ: ಊರಿಗೆ ಹೊರಡುವುದು ಯಾವಾಗ? ಹಿಂದೆ ಈ ಪ್ರಶ್ನೆಯ ಬೆನ್ನಿಗೇ ರೈಲಿನ ರಿಸರ್ವೇಷನ್ನಿನ ಚಿಂತೆ ಬರುತ್ತಿತ್ತು. ಈಗ ನಮ್ಮ ಸಂಘದ ಕೆಲವು ಮನೆಗಳ ಮುಂದೆ ವಿದ್ಯುತ್ ಕಾರು ನಿಂತಿದೆ; ಚಿಂತೆಯೂ ಹೊಸ ವೇಷ ತೊಟ್ಟಿದೆ. "ಬೇಸಗೆಯಲ್ಲಿ ಏಸಿ ಹಾಕಿಕೊಂಡು ಹೋದರೆ ಕಾರು ಊರು ಮುಟ್ಟುತ್ತದೆಯೆ?" ಎಂದು ಯುಗಾದಿಯ ಕೂಟದಲ್ಲಿ ಮೂರು ಮಂದಿ ನಮ್ಮನ್ನು ಕೇಳಿದರು. ನಾವು ಅಲ್ಲಿ ಉತ್ತರ ಹೇಳದೆ ಹೋಳಿಗೆಯ ಕಡೆಗೆ ಗಮನ ಕೊಟ್ಟೆವು. ಕಾರಣವಿಷ್ಟೆ: ಇದೇ ಪ್ರಶ್ನೆಗೆ ನಮಗೆ ನಾವೇ ಒಮ್ಮೆ ತಪ್ಪು ಉತ್ತರ ಹೇಳಿಕೊಂಡು ಪೆಟ್ಟು ತಿಂದವರು. ಆ ಕಥೆಯನ್ನು ಮುಚ್ಚಿಟ್ಟು ಬರಿಯ ಲೆಕ್ಕ ಒಪ್ಪಿಸುವುದು ನ್ಯಾಯವಲ್ಲ. ಆದ್ದರಿಂದ ಮೊದಲು ಕಥೆ, ಆಮೇಲೆ ಲೆಕ್ಕ.

ಸಂಗತಿ ನಡೆದದ್ದು 2024ರ ಮೇ ತಿಂಗಳಲ್ಲಿ. ಹೈದರಾಬಾದಿನಿಂದ ಕಲಬುರಗಿಗೆ ಹೊರಟಿದ್ದೆವು. ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದು, ಹುಮನಾಬಾದು, ಕಮಲಾಪುರ, ಹೀಗೆ ಸುಮಾರು 225 ಕಿಲೋಮೀಟರಿನ ದಾರಿ. ಕಾರು ಹೊಸದು. ಒಮ್ಮೆ ತುಂಬಿಸಿದರೆ 400 ಕಿಲೋಮೀಟರು ಓಡುವುದೆಂದು ಅದರ ಕಾಗದಪತ್ರ ಹೇಳುತ್ತಿತ್ತು. ಮುಂದೆ ನಾವು ಮತ್ತು ನಮ್ಮಾಕೆ. ಹಿಂದೆ 78 ವರ್ಷದ ನಮ್ಮ ಅವ್ವ, ಅವಳಿಗೊರಗಿ ಮೊಮ್ಮಗಳು. ಬೆಳಗಿನ 5 ಗಂಟೆಗೆ ಹೊರಡುವುದೆಂದು ನಿಶ್ಚಯಿಸಿದ್ದವರು ಹೊರಟದ್ದು ಹತ್ತೂವರೆಗೆ. ಅದಕ್ಕೆ ಕಾರಣ ಯಾರೆಂದು ಬರೆದರೆ ಮನೆಯಲ್ಲಿ ಶಾಂತಿ ಉಳಿಯದು.

ಅಷ್ಟರಲ್ಲಿ ಕಾರು ಬಿಸಿಲಿಗೆ ಕಾದು ಹಂಚಾಗಿತ್ತು. ಏಸಿಯನ್ನು ಪೂರ್ತಿ ತಿರುಗಿಸಿ ಹೊರಟೆವು. ಮುಂದಿನ ಫಲಕದಲ್ಲಿ, ಇನ್ನು 290 ಕಿಲೋಮೀಟರು ಹೋಗಬಹುದೆಂಬ ಅಂಕಿ ಬೆಳಗುತ್ತಿತ್ತು. ಊರಿನ ಗಾಡಿಗಳ ಗದ್ದಲದಲ್ಲಿ ತೆವಳಿ, ಇಪ್ಪತ್ತೈದು ಕಿಲೋಮೀಟರು ಓಡಿ ಪಟಾನ್‌ಚೆರು ದಾಟುವಷ್ಟರಲ್ಲಿ ಆ ಅಂಕಿ 235ಕ್ಕೆ ಇಳಿದಿತ್ತು. ಓಡಿದ್ದು 25, ಕಳೆದದ್ದು 55! ಮುಂದೆ ಇನ್ನೂ 200 ಕಿಲೋಮೀಟರು ಇದೆ. ನಮ್ಮ ಎದೆ ಡವಡವ ಎನ್ನತೊಡಗಿತು. ಸದಾಶಿವಪೇಟೆಯ ಹತ್ತಿರ ಏಸಿಯನ್ನು ಆರಿಸಿ ಕಿಟಕಿಗಳನ್ನು ಇಳಿಸಿದೆವು. "ಏನ್ರೀ, ಹಿಂದ ಅತ್ತಿ ಕುಂತಾರ" ಎಂದರು ನಮ್ಮಾಕೆ. "ಹಳ್ಳಿಯ ಬಿಸಿಲು ಕಂಡ ಜೀವ, ಏನೂ ಆಗುವುದಿಲ್ಲ" ಎಂದು ನಾವು ಪಾಂಡಿತ್ಯ ಮೆರೆದೆವು. ಹೊರಗೆ ಉಷ್ಣಮಾನ 42 ಡಿಗ್ರಿ ಎಂದು ಅದೇ ಫಲಕ ತೋರಿಸುತ್ತಿತ್ತು. ಆ ಅಂಕಿಯನ್ನು ನಾವು ನೋಡಲಿಲ್ಲ; ಕಣ್ಣು ನೆಟ್ಟಿದ್ದು ಇನ್ನೊಂದರ ಮೇಲೆ.

ಅವ್ವ ದಾರಿಯುದ್ದಕ್ಕೂ ಮಾತಾಡುವವಳು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಬೇಕೆಂದು ಹೊರಡುವಾಗಿನಿಂದ ಮೂರು ಸಲ ಹೇಳಿದ್ದಳು. ಜಹೀರಾಬಾದು ದಾಟಿದ ಮೇಲೆ ಮಾತು ನಿಂತಿತು. ನಿದ್ದೆ ಹತ್ತಿರಬೇಕೆಂದು ಸುಮ್ಮನಿದ್ದೆವು. ಹುಮನಾಬಾದು ಇನ್ನೇನು ಬಂತು ಎನ್ನುವಾಗ ಹಿಂದಿನಿಂದ ಅವಳ ದನಿ ಕೇಳಿಸಿತು. ಅವಳು ನಮ್ಮನ್ನು ಕರೆದದ್ದು ನಮ್ಮ ತಂದೆಯವರ ಹೆಸರಿನಿಂದ. ಅರುವತ್ತು ವರ್ಷಗಳ ಬಾಳಿನಲ್ಲಿ ಒಮ್ಮೆಯೂ ಗಂಡನ ಹೆಸರನ್ನು ಬಾಯಲ್ಲಿ ಎತ್ತದ ಹೆಂಗಸು ಅವಳು. ಮೊಮ್ಮಗಳು ಅಳತೊಡಗಿದಳು.

ರಸ್ತೆ ಬದಿಯ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದೆವು. ಅವ್ವನ ಮೈ ಕೆಂಡದಂತೆ ಸುಡುತ್ತಿತ್ತು, ಬೆವರಿನ ಪಸೆಯಿಲ್ಲ. ಮರದಡಿಯ ಚಹಾದಂಗಡಿಯ ಪುಣ್ಯಾತ್ಮರು ಹೇಳಿಸಿಕೊಳ್ಳದೆಯೇ ಕೊಡ ತುಂಬ ನೀರು ತಂದರು. ಏಸಿ ಹಾಕಿ, ಪಂಚೆ ತೋಯಿಸಿ ಕುತ್ತಿಗೆಗೂ ಕಂಕುಳಿಗೂ ಒತ್ತುತ್ತ ಹುಮನಾಬಾದಿನ ಡಾಕ್ಟರೊಬ್ಬರ ಬಳಿಗೆ ಓಡಿದೆವು. ಅವರು ಅವ್ವನನ್ನು ಮಲಗಿಸಿ, ಮೈ ತಣಿಸುವ ಏರ್ಪಾಡು ಮಾಡಿ, ಸಲೈನ್ ಹಚ್ಚಿದರು. ಆಮೇಲೆ ನಮ್ಮ ಕಡೆಗೆ ತಿರುಗಿ, "ಕಾರಿನಾಗ ಏಸಿ ಇಲ್ಲೇನ್ರಿ?" ಎಂದು ಕೇಳಿದರು. "ಇದೆ" ಎನ್ನಲು ನಮ್ಮ ನಾಲಗೆ ಏಳಲಿಲ್ಲ.

ಸಂಜೆಯ ಹೊತ್ತಿಗೆ ಅವ್ವ ಕಣ್ಣು ತೆರೆದು, ನಮ್ಮನ್ನು ಗುರುತಿಸಿ, "ಯಪ್ಪಾ, ಕಾರ್ ಊರಿಗಿ ಮುಟ್ತದೇನೋ?" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಹೋಟೆಲೊಂದರ ಅಂಗಳದಲ್ಲಿ ಚಾರ್ಜು ಹಾಕಿಕೊಂಡು ರಾತ್ರಿ ಕಲಬುರಗಿ ಸೇರಿದೆವು. ಕಮಲಾಪುರ ದಾಟುವಾಗ ಹಣ್ಣಿನ ಅಂಗಡಿಗಳು ಮುಚ್ಚಿದ್ದವು. ಆ ರಾತ್ರಿ ನಿದ್ದೆ ಬರಲಿಲ್ಲ. ಕಾಗದ ಪೆನ್ಸಿಲು ತೆಗೆದುಕೊಂಡು, ಮೊದಲೇ ಹಾಕಬೇಕಾಗಿದ್ದ ಲೆಕ್ಕವನ್ನು ಹಾಕತೊಡಗಿದೆವು. ವಾಚಕರು ಬೇಸರಿಸದೆ ನಮ್ಮ ಜೊತೆ ಕೂಡಿಸಿ ಕಳೆಯಬೇಕು. ಪ್ರಾಥಮಿಕ ಶಾಲೆಯ ಗಣಿತ ಸಾಕು.

ಬ್ಯಾಟರಿಯ ಅಳತೆ ಕಿಲೋವಾಟ್ ಗಂಟೆ. ಅಂಜಬೇಕಾದ್ದಿಲ್ಲ, ಅದು ತಿಂಗಳು ತಿಂಗಳೂ ಮನೆಯ ಕರೆಂಟು ಬಿಲ್ಲಿನಲ್ಲಿ ಬರುವ ಯೂನಿಟ್ಟೇ. ನಮ್ಮ ಕಾರಿನ ಬ್ಯಾಟರಿಯಲ್ಲಿ 40 ಯೂನಿಟ್ ಹಿಡಿಸುತ್ತದೆ. ಹೆದ್ದಾರಿಯಲ್ಲಿ ಹದವಾಗಿ ಓಡಿಸಿದರೆ 100 ಕಿಲೋಮೀಟರಿಗೆ ಸುಮಾರು 14 ಯೂನಿಟ್ ಖರ್ಚು. 225 ಕಿಲೋಮೀಟರಿಗೆ ಮೂವತ್ತೊಂದೂವರೆ. ಇನ್ನು ಏಸಿ. ಕಾದ ಕಾರನ್ನು ತಣಿಸುವ ಮೊದಲ ಹದಿನೈದು ಇಪ್ಪತ್ತು ನಿಮಿಷ ಅದು ಹೊಟ್ಟೆಬಾಕ. 3 ಕಿಲೋವಾಟಿನಷ್ಟು ಎಳೆಯಬಹುದು. ಒಳಗೆ ತಂಪಾದ ಮೇಲೆ ತೃಪ್ತಿ ಹೊಂದಿ, ಗಂಟೆಗೆ 1ರಿಂದ 1.5 ಯೂನಿಟ್ಟಿಗೆ ಇಳಿಯುತ್ತದೆ. ಮನೆಯ ಒಂದು ಟನ್ನಿನ ಏಸಿ ತಿನ್ನುವುದೂ ಹೆಚ್ಚುಕಡಿಮೆ ಅಷ್ಟೆ. ನಾಲ್ಕು ಗಂಟೆಯ ಪ್ರಯಾಣಕ್ಕೆ ಒಟ್ಟು 5ರಿಂದ 6 ಯೂನಿಟ್. ಅಂತೂ 40ರಲ್ಲಿ 37 ಖರ್ಚಾಗುತ್ತಿತ್ತು. ಏಸಿ ಇದ್ದರೂ ಇಲ್ಲದಿದ್ದರೂ ನೆಮ್ಮದಿಗಾಗಿ ನಡುವೆ ಒಮ್ಮೆ ಚಾರ್ಜು ಹಾಕುವುದೇ ಜಾಣತನವಾಗಿತ್ತು. ಏಸಿಯ ಪಾಲಿನ ಆ 5-6 ಯೂನಿಟ್ ತುಂಬಲು 30 ಕಿಲೋವಾಟಿನ ಚಾರ್ಜರಿಗೆ ಹತ್ತು ಹನ್ನೆರಡು ನಿಮಿಷ ಸಾಕು. ಒಂದು ಚಹಾ ಕುಡಿಯುವಷ್ಟು ಹೊತ್ತು.

ಹಾಗಾದರೆ ಒಂದೂವರೆ ಗಂಟೆ ಏಸಿ ಆರಿಸಿ ನಾವು ಉಳಿಸಿದ್ದೆಷ್ಟು? ಎರಡು ಯೂನಿಟ್ಟಿಗೂ ಒಂದಿಷ್ಟು ಕಡಿಮೆ. ದೂರದ ಲೆಕ್ಕದಲ್ಲಿ 13 ಕಿಲೋಮೀಟರು. ತೆರೆದ ಕಿಟಕಿಗಳಿಂದ ಗಾಳಿಯ ತಡೆ ಹೆಚ್ಚಾಗಿ, ಅದರಲ್ಲೂ ಸ್ವಲ್ಪ ಸೋರಿಹೋಗಿತ್ತು. ಹದಿಮೂರು ಕಿಲೋಮೀಟರಿನ ಆಸೆಗೆ ಹೆತ್ತವಳನ್ನು ಪಣಕ್ಕಿಟ್ಟಿದ್ದೆವು. ಪೆನ್ಸಿಲು ಅಲ್ಲಿಗೆ ನಿಂತಿತು.

ಹಾಗಿದ್ದರೆ ಮೊದಲ ಇಪ್ಪತ್ತೈದು ಕಿಲೋಮೀಟರಿನಲ್ಲಿ 55 ಕಳೆದದ್ದು ಹೇಗೆ? ಅದರ ಗುಟ್ಟು ಇಷ್ಟೆ. ಚಕ್ರದ ಖರ್ಚು ಕಿಲೋಮೀಟರಿನ ಲೆಕ್ಕದಲ್ಲಿ. ಏಸಿಯ ಖರ್ಚು ಗಂಟೆಯ ಲೆಕ್ಕದಲ್ಲಿ. ಕಾರು ನಿಂತಿದ್ದರೂ ಏಸಿಯ ಕೂಲಿ ನಿಲ್ಲದು. ಗದ್ದಲದಲ್ಲಿ ಗಂಟೆಗೆ 20 ಕಿಲೋಮೀಟರು ತೆವಳುವಾಗ 100 ಕಿಲೋಮೀಟರಿಗೆ ಏಸಿಯ ಪಾಲು 6 ಯೂನಿಟ್ಟಿನಷ್ಟಾಗುತ್ತದೆ. ಅದೇ ಹೆದ್ದಾರಿಯಲ್ಲಿ 75ರ ವೇಗದಲ್ಲಿ ಎರಡಕ್ಕೂ ಕಡಿಮೆ. ಫಲಕದ ಅಂಕಿಯಾದರೋ ಈಚಿನ ಖರ್ಚನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ಹಬ್ಬದ ದಿನದ ಖರ್ಚು ಕಂಡು, "ಹೀಗಾದರೆ ತಿಂಗಳು ಕಳೆಯುವುದು ಹೇಗೆ?" ಎಂದು ಗಾಬರಿಯಾಗುವ ಯಜಮಾನನ ಹಾಗೆ. ಹೆದ್ದಾರಿ ಹಿಡಿದು ಅರ್ಧ ಗಂಟೆ ತಾಳಿದ್ದರೆ ಅದರ ಗಾಬರಿ ಇಳಿಯುತ್ತಿತ್ತು, ನಮ್ಮದೂ.

ಕಾಗದದ 400ರ ಮಾತು? ಅದು ಪರೀಕ್ಷಾಶಾಲೆಯ ಉರುಳೆಗಳ ಮೇಲೆ, ಹದವಾದ ಉಷ್ಣಮಾನದಲ್ಲಿ, ಏಸಿ ಹಾಕದೆ ಓಡಿಸಿ ತೆಗೆದ ಅಂಕಿ. ಜಾತಕದಲ್ಲಿನ ಗುಣವೆಲ್ಲ ಸಂಸಾರದಲ್ಲಿ ಕಾಣಬೇಕೆಂದರೆ ಆದೀತೆ? ಅಮೆರಿಕದ ಮೋಟಾರು ಸಂಘವಾದ ಎ.ಎ.ಎ. 2019ರಲ್ಲಿ ಐದು ವಿದ್ಯುತ್ ಕಾರುಗಳನ್ನು ಪರೀಕ್ಷಿಸಿತು. 35 ಡಿಗ್ರಿ ಸೆಖೆಯಲ್ಲಿ ಏಸಿ ಇಲ್ಲದೆ ಓಡಿಸಿದಾಗ ದೂರ ಕುಗ್ಗಿದ್ದು ಸರಾಸರಿ ಶೇಕಡಾ 4. ಏಸಿ ಹಾಕಿದಾಗ ಶೇಕಡಾ 17. ದಿಲ್ಲಿಯ ವಾಚಕರು ಇನ್ನೊಂದು ಅಂಕಿಯನ್ನೂ ಗಮನಿಸಬೇಕು. ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ ಹೀಟರು ಹಾಕಿದಾಗ ಕುಗ್ಗಿದ್ದು ಶೇಕಡಾ 41! ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ವ್ಯರ್ಥ ಶಾಖವೇ ಪುಕ್ಕಟೆ ಬೆಂಕಿ. ವಿದ್ಯುತ್ ಕಾರಿಗೆ ಆ ಭಾಗ್ಯ ಕಡಿಮೆ. ದಿಲ್ಲಿಯ ಚಳಿ ಅಷ್ಟಕ್ಕೆ ಇಳಿಯದಿದ್ದರೂ, ಜನವರಿಯ ಪ್ರಯಾಣಕ್ಕೂ ಲೆಕ್ಕ ಬೇಕು.

ಮುಂಬಯಿ, ಚೆನ್ನೈಗಳವರು "ನಮ್ಮಲ್ಲಿ 42 ಇಲ್ಲ" ಎಂದು ಬೀಗುವುದು ಬೇಡ. ಕಡಲ ಊರಿನ ಗಾಳಿಯಲ್ಲಿ ತೇವ ಹೆಚ್ಚು. ಏಸಿ ಗಾಳಿಯನ್ನು ತಣಿಸುವುದಲ್ಲದೆ ಅದರ ನೀರನ್ನೂ ಹಿಂಡಬೇಕು; ಕಾರಿನಡಿ ತೊಟ್ಟಿಕ್ಕುವುದು ಅದೇ ನೀರು. ಅದಕ್ಕೂ ಕರೆಂಟು ಬೇಕು.

ಇನ್ನು ಬ್ಯಾಟರಿಯ ಆರೋಗ್ಯ. ಲಿಥಿಯಂ ಬ್ಯಾಟರಿಗೂ ನಮಗೆ ಹಿತವಾದ ಹವೆಯೇ ಹಿತ. ಸೆಖೆಯಲ್ಲಿ ಅದು ಅಂದಿನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಆಯುಸ್ಸು ಬೇಗ ಸವೆಯುತ್ತದೆ. 2012ರಲ್ಲಿ ಅಮೆರಿಕದ ಅರಿಜೋನಾದಲ್ಲಿ, ನಿಸಾನ್ ಲೀಫ್ ಕಾರಿನ ಒಡೆಯರು ತಮ್ಮ ಬ್ಯಾಟರಿ ಬೇಗ ಸೊರಗಿತೆಂದು ದೂರಿದ್ದರು. ಆ ಬ್ಯಾಟರಿಯಲ್ಲಿ ದ್ರವ ಹರಿಸಿ ತಣಿಸುವ ಏರ್ಪಾಡಿರಲಿಲ್ಲ. ಈಗಿನ ಬಹುಪಾಲು ಕಾರುಗಳಲ್ಲಿ ಅದಿದೆ. ಬಿಸಿಲಿನಲ್ಲಿ ವೇಗವಾಗಿ ಚಾರ್ಜು ಹಾಕುವಾಗ ಕಾರು ತಾನೇ ವೇಗ ತಗ್ಗಿಸಿಕೊಂಡರೆ ಕೆಟ್ಟಿತೆಂದು ತಿಳಿಯಬಾರದು. ಅದು ಬ್ಯಾಟರಿಯ ಆತ್ಮರಕ್ಷಣೆ.

ಬೆಂಗಳೂರಿನ ರೇವಾ ಕಾರು 2001ರಲ್ಲಿ ಬಂದಾಗ ಅದರ ಸೀಸದ ಬ್ಯಾಟರಿಯಲ್ಲಿ ಹತ್ತು ಯೂನಿಟ್ ಕೂಡ ಹಿಡಿಸುತ್ತಿರಲಿಲ್ಲ. ದೂರ 80 ಕಿಲೋಮೀಟರು. ಅಂಥ ಕಾರಿನಲ್ಲಿ ಗಂಟೆಗೊಂದು ಯೂನಿಟ್ ದೊಡ್ಡ ಮಾತು. ಈಗಿನ 40 ಯೂನಿಟ್ಟಿನ ಕಾರಿನಲ್ಲಿ ಕುಳಿತು ಆ ಕಾಲದ ಭಯ ಪಡುವುದು ನಮ್ಮದೇ ಅವಿವೇಕ.

ಹೊರಡುವವರಿಗೆ ನಾಲ್ಕು ಮಾತು. ಕಾರನ್ನು ನೆರಳಲ್ಲಿ ನಿಲ್ಲಿಸಿ. ಹೊರಡುವ ಹತ್ತು ನಿಮಿಷ ಮುಂಚೆ, ಚಾರ್ಜಿನ ತಂತಿ ಬಿಚ್ಚುವ ಮೊದಲೇ ಏಸಿ ಹಾಕಿ. ಮೊದಲ ಹೊಟ್ಟೆಬಾಕತನದ ಖರ್ಚು ಬ್ಯಾಟರಿಯ ಬದಲು ಮನೆಯ ಕರೆಂಟಿಗೆ ಬೀಳಲಿ. ದಾರಿಯಲ್ಲಾದರೆ ಬಾಗಿಲು ತೆರೆದು ಬಿಸಿಗಾಳಿಯನ್ನು ಹೊರಗಟ್ಟಿ, ಆಮೇಲೆ ಒಳಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿ. 18 ಡಿಗ್ರಿ ಬೇಕಿಲ್ಲ, 25 ಸಾಕು. ದೂರ ಉಳಿಸಲೇಬೇಕೆಂದರೆ ಏಸಿಯ ತಂಟೆಗೆ ಹೋಗದೆ ವೇಗ ತಗ್ಗಿಸಿ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ. ಬ್ಯಾಟರಿ ಪೂರ್ತಿ ತುಂಬಿದ ಕಾರನ್ನು ದಿನಗಟ್ಟಲೆ ಬಿಸಿಲಿಗೆ ಬಿಡಬೇಡಿ. ಚಾರ್ಜು ಶೇಕಡಾ 20ಕ್ಕೆ ಇಳಿಯುವ ಮೊದಲೇ ನಿಲ್ಲುವ ಜಾಗ ಗೊತ್ತು ಮಾಡಿಕೊಳ್ಳಿ. ಅಲ್ಲಿಯ ಚಾರ್ಜರು ಕೆಟ್ಟಿದ್ದರೆ ಎರಡನೆಯದೂ ಗೊತ್ತಿರಲಿ.

ಕೊನೆಯದಾಗಿ, ಕಾರಿನಲ್ಲಿ ಮುದುಕರೋ ಮಕ್ಕಳೋ ಇದ್ದರೆ ಅವರ ಕಡೆಗೆ ಆಗಾಗ ತಿರುಗಿ ನೋಡಿ. ಬಿಸಿಲಿನಲ್ಲಿ ಮಾತು ತೊದಲಿದರೆ, ಗುರುತು ತಪ್ಪಿದರೆ, ಮೈ ಸುಡುತ್ತಿದ್ದರೆ ತಡಮಾಡದೆ ತಣ್ಣೀರಿನಿಂದ ಮೈ ತಣಿಸುತ್ತ ಡಾಕ್ಟರ ಬಳಿಗೆ ಒಯ್ಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

2025ರ ಬೇಸಗೆಯಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆವು. ಬೆಳಗಿನ ಐದಕ್ಕೆ, ನಿಜವಾಗಿಯೂ ಐದಕ್ಕೆ ಹೊರಟೆವು. ಮೊದಲೇ ತಂಪಾಗಿದ್ದ ಕಾರಿನಲ್ಲಿ ಅವ್ವನನ್ನು ಕೂರಿಸಿ ಆಮೇಲೆ ತಂತಿ ಬಿಚ್ಚಿದೆವು. ಹುಮನಾಬಾದಿನಲ್ಲಿ ಕಾರಿಗೆ ಚಾರ್ಜು, ನಮಗೆ ಚಹಾ. ಕಮಲಾಪುರದಲ್ಲಿ ಅಂಗಡಿ ತೆರೆದಿತ್ತು. ಅವ್ವ ಚೌಕಾಶಿ ಮಾಡಿ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡಳು. ಮನೆ ಮುಟ್ಟುವವರೆಗೆ ಒಂದೇ ಸಮನೆ ಮಾತಾಡುತ್ತಿದ್ದಳು. ಫಲಕದ ಅಂಕಿ ಎಷ್ಟಿತ್ತೆಂದು ನಮಗೆ ನೆನಪಿಲ್ಲ.

ಊರಿಗೆ ಹೊರಟಿರುವ ವಾಚಕರೆಲ್ಲರಿಗೂ ಸುಖಪ್ರಯಾಣ.