ಸೋತವರು ಎಲ್ಲಿ ಹೋದರು?

ನಮ್ಮೂರಿನ ಟೇಬಲ್ ಟೆನಿಸ್ ಕ್ಲಬ್ಬಿಗೆ ನಾನು ಒಂಬತ್ತು ವರ್ಷದಿಂದ ಕಾರ್ಯದರ್ಶಿ. ಈ ಒಂಬತ್ತು ವರ್ಷಗಳಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು, ನಾಚಿಕೆಯಿಲ್ಲದೆ ನಾನೇ ಆಡಿದ ಮಾತು ಒಂದೇ: 'ಈಗಿನ ಹುಡುಗರು ಎಲ್ಲಿ ಬರ್ತಾರೆ ಸಾರ್, ಎಲ್ಲಾ ಮೊಬೈಲು.' ವಾರ್ಷಿಕ ಸಭೆಯಲ್ಲಿ ಯಾರಾದರೂ ಇದನ್ನು ಹೇಳಿದ ಕೂಡಲೇ ಎಲ್ಲರೂ ತಲೆಯಾಡಿಸುತ್ತಾರೆ. ಟೀ ಬರುತ್ತದೆ. ಸಭೆ ಮುಗಿಯುತ್ತದೆ.

ಕುಣಿಯಲಾರದವರಿಗೆ ನೆಲ ಡೊಂಕು ಎನ್ನುವುದು ಇದಕ್ಕೇ. ಈ ಮಾತು ಸುಳ್ಳು. ಸುಳ್ಳೆಂದು ನನಗೆ ಗೊತ್ತಾದದ್ದು ಯಾವ ಜ್ಞಾನೋದಯದಿಂದಲೂ ಅಲ್ಲ, ನಮ್ಮದೇ ಹಾಜರಿ ಪುಸ್ತಕದಿಂದ. ಪುರಸಭೆಗೆ ಸದಸ್ಯರ ಪಟ್ಟಿ ಕೊಡಬೇಕಾಗಿ ಬಂದು ಒಂದು ದಿನ ಅದನ್ನು ಮೊದಲಿಂದ ತಿರುವಿ ಹಾಕಿದೆ. ಎರಡು ವರ್ಷದಲ್ಲಿ ಹತ್ತಿರ ಹತ್ತಿರ ನಲವತ್ತು ಹೊಸ ಹೆಸರುಗಳು! ಬಿ.ಕಾಂ. ಹುಡುಗರು, ಬ್ಯಾಂಕಿಗೆ ವರ್ಗವಾಗಿ ಬಂದವರು, ಒಬ್ಬರು ಶಾಲಾ ಶಿಕ್ಷಕಿ, ಮೆಡಿಕಲ್ ಸ್ಟೋರಿನವನು. ಬಂದಿದ್ದಾರೆ, ಚಂದಾ ಕಟ್ಟಿದ್ದಾರೆ, ಎರಡು ಮೂರು ವಾರ ಸಹಿ ಹಾಕಿದ್ದಾರೆ, ಆಮೇಲೆ ಸಹಿ ನಿಂತಿದೆ. ಅವರಲ್ಲಿ ಇಂದು ಉಳಿದವರು ಐದು ಜನ. ಮೊಬೈಲು ಅವರನ್ನು ಬಾಗಿಲಲ್ಲೇ ತಡೆದಿರಲಿಲ್ಲ. ಒಳಗೆ ಬಂದವರನ್ನು ನಾವೇ ಹೊರಗೆ ಕಳಿಸಿದ್ದೆವು.

ಹೇಗೆ ಕಳಿಸಿದೆವು ಅನ್ನುವುದಕ್ಕೆ ದೊಡ್ಡ ಪಿತೂರಿಯೇನೂ ಬೇಕಿಲ್ಲ. ಊರೂರಿನ ಕ್ಲಬ್ಬುಗಳಲ್ಲಿ, ಹಾಸ್ಟೆಲ್ಲುಗಳಲ್ಲಿ, ನೌಕರರ ಸಂಘಗಳಲ್ಲಿ ನಡೆದುಬಂದಿರುವ ಒಂದು ಸಾದಾ ಪದ್ಧತಿ ಸಾಕು: ಗೆದ್ದವನು ಟೇಬಲ್ಲಿನಲ್ಲಿ ಉಳಿಯಬೇಕು, ಸೋತವನು ಇಳಿಯಬೇಕು. ಹೊರಗಿನಿಂದ ನೋಡಿದರೆ ಇದಕ್ಕಿಂತ ನ್ಯಾಯವಾದ ನಿಯಮವೇ ಇಲ್ಲ ಅನ್ನಿಸುತ್ತದೆ. ಜಾತಿ ಇಲ್ಲ, ಹಣ ಇಲ್ಲ, ವಶೀಲಿ ಇಲ್ಲ. ಆಡು, ಗೆಲ್ಲು, ನಿಲ್ಲು. 'ನೆಕ್ಸ್ಟ್ ನಂದು' ಅಂತ ಕೂಗಿ ಬೆಂಚಿನ ಮೇಲೆ ಕೂರು.

ಈಗ ಲೆಕ್ಕ ಹಾಕಿ. ನಮ್ಮಲ್ಲಿರುವುದು ಎರಡು ಟೇಬಲ್. ಆಟ ಸಂಜೆ 7ರಿಂದ 9ರವರೆಗೆ, ಅಂದರೆ 120 ನಿಮಿಷ. ಒಂದು ಸಂಜೆ 14 ಜನ ಬಂದರು ಅನ್ನಿ, ಟೇಬಲ್ಲಿಗೆ 7 ಜನ. ಅವರಲ್ಲಿ ಒಬ್ಬ ಹಳೇ ಹುಲಿ. ಅವನು ಸೋಲುವುದಿಲ್ಲ, ಆದ್ದರಿಂದ ಇಳಿಯುವುದೂ ಇಲ್ಲ. ಅವನು ಆಡುವುದು 120 ನಿಮಿಷ. ಮಿಕ್ಕ ಆರು ಜನ ಅದೇ 120 ನಿಮಿಷವನ್ನು ಹಂಚಿಕೊಳ್ಳಬೇಕು, ತಲೆಗೆ 20 ನಿಮಿಷ. ಅದೂ ಒಟ್ಟಿಗಲ್ಲ, ಚೂರು ಚೂರಾಗಿ. ಪ್ರತಿ ಚೂರಿನಲ್ಲೂ ಎದುರಿಗಿರುವವನು ಅದೇ ಹುಲಿ. ಚಂದಾ ಮಾತ್ರ ಎಲ್ಲರದ್ದೂ ತಿಂಗಳಿಗೆ 300 ರೂಪಾಯಿ. ಸೋಲುವವರ ದುಡ್ಡಿನಲ್ಲಿ ಗೆಲ್ಲುವವರು ಆಡುವ ವ್ಯವಸ್ಥೆ ಇದು. ಇದಕ್ಕೆ ನಾವು ಇಟ್ಟಿರುವ ಹೆಸರು 'ಮೆರಿಟ್'.

ಆ 20 ನಿಮಿಷವಾದರೂ ಆಟವೇ? ಹೊಸಬನಿಗೆ ನಾವು ಸರ್ವಿಸ್ ಮಾಡುವುದು ಹೇಗೆಂದು ನೋಡಿ. ಬದಿಗೆ ತಿರುಗುವ ಸ್ಪಿನ್ ಹಾಕುತ್ತೇವೆ. ಅವನು ಪಾಪ ನೇರವಾಗಿ ಬ್ಯಾಟ್ ಒಡ್ಡುತ್ತಾನೆ. ಚೆಂಡು ಪಕ್ಕದ ಟೇಬಲ್ಲಿಗೆ ಹಾರುತ್ತದೆ. ಅವನೇ ಓಡಿ ಹೋಗಿ, ಅಲ್ಲಿಯವರ ಹತ್ತಿರ ಸಾರಿ ಕೇಳಿ, ಹೆಕ್ಕಿ ತಂದು ಕೊಡುತ್ತಾನೆ. ನಾವು ಮತ್ತೆ ಅದೇ ಸರ್ವಿಸ್ ಮಾಡುತ್ತೇವೆ. 11-2. ನೆಕ್ಸ್ಟ್. ಅವನು ಆ ಸಂಜೆ ಆಡಿದ್ದಕ್ಕಿಂತ ಹೆಚ್ಚು ಹೊತ್ತು ಚೆಂಡು ಹೆಕ್ಕಿದ್ದಾನೆ. ಇದನ್ನು ಬೇರೆ ಯಾರ ಮೇಲೋ ಆರೋಪ ಹೊರಿಸಲು ಹೇಳುತ್ತಿಲ್ಲ. ಆ ಟೇಬಲ್ಲಿನಿಂದ ಇಳಿಯದೆ ಇದ್ದವರಲ್ಲಿ ನಾನೂ ಒಬ್ಬ. ಸಂಜೆ ಮನೆಗೆ ಹೋಗುವಾಗ ಚೆನ್ನಾಗಿ ಬೆವರಿದೆ ಎಂಬ ಖುಷಿಯೂ ಇರುತ್ತಿತ್ತು.

ಆ ಶಿಕ್ಷಕಿ ಒಂದು ದಿನ ಸಂತೆಯಲ್ಲಿ ಸಿಕ್ಕರು. 'ಯಾಕೆ ಮೇಡಂ, ಬರೋದೇ ಬಿಟ್ರಿ?' ಅಂದೆ. ಅವರು ಬೀನ್ಸ್ ಆರಿಸುತ್ತಲೇ ಹೇಳಿದರು: 'ನಾನು ಆಡೋಕೆ ಅಂತ ಬಂದಿದ್ದೆ ಸರ್. ನೋಡೋಕಾದ್ರೆ ಮನೇಲಿ ಟಿವಿ ಇದೆ.'

ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ನಮ್ಮ ಹಿರಿಯರು ಒಂದು ವಾದ ಹೂಡುತ್ತಾರೆ. 'ನಾವೂ ಹೀಗೇ ಸೋತು ಸೋತೇ ಕಲಿತದ್ದು. ಆಗ ಯಾರೂ ಬಿಟ್ಟು ಹೋಗಲಿಲ್ಲ.' ಅವರು ಒಂದು ಸಂಗತಿ ಮರೆಯುತ್ತಾರೆ. ಅವರು ಕಲಿತ ಕಾಲದಲ್ಲಿ ಗೇಮ್ ಇದ್ದದ್ದು 21 ಪಾಯಿಂಟಿಗೆ, ಸರ್ವಿಸ್ ಬದಲಾಗುತ್ತಿದ್ದದ್ದು ಐದು ಐದಕ್ಕೆ. ಅಂತಾರಾಷ್ಟ್ರೀಯ ಒಕ್ಕೂಟ ಅದನ್ನು 11 ಪಾಯಿಂಟಿಗೆ ಇಳಿಸಿದ್ದು 2001ರಲ್ಲಿ, ಸರ್ವಿಸ್ ಎರಡೆರಡಕ್ಕೆ ಬಂತು. ಅದಕ್ಕೆ ಒಂದು ವರ್ಷ ಮೊದಲು ಚೆಂಡು 38 ಮಿಲಿಮೀಟರಿನಿಂದ 40 ಮಿಲಿಮೀಟರಿಗೆ ದೊಡ್ಡದಾಗಿತ್ತು. ನೋಡುವವರಿಗೆ ಅನುಕೂಲವಾಗಲಿ, ಆಟ ಚುರುಕಾಗಲಿ ಎಂದು ಮಾಡಿದ ಬದಲಾವಣೆಗಳು ಇವು. ಸರಿಯೇ. ಅಲ್ಲಿ ಪಂದ್ಯವೆಂದರೆ ಐದು ಅಥವಾ ಏಳು ಗೇಮುಗಳು. ನಮ್ಮ ಕ್ಲಬ್ಬಿನಲ್ಲಿ ಒಂದೇ ಗೇಮಿಗೆ ಇಳಿಸುತ್ತೇವೆ. 21 ಪಾಯಿಂಟಿನ ಕಾಲದಲ್ಲಿ ಸೋಲುವವನೂ ಟೇಬಲ್ಲಿನ ಮುಂದೆ ಒಂದಷ್ಟು ಹೊತ್ತು ನಿಂತಿರುತ್ತಿದ್ದ, ಹತ್ತು ಸರ್ವಿಸ್ ತಪ್ಪಿಸಿಕೊಂಡು ಹನ್ನೊಂದನೆಯದನ್ನು ಹಿಂದಿರುಗಿಸುತ್ತಿದ್ದ. ಈಗ ಹನ್ನೊಂದನೆಯದು ಬರುವ ಹೊತ್ತಿಗೆ ಅವನು ಬೆಂಚಿನ ಮೇಲಿರುತ್ತಾನೆ. ಹೊಸ ನಿಯಮವನ್ನು ತಂದುಕೊಂಡೆವು, ಹಳೇ ಪದ್ಧತಿಯನ್ನು ಹಾಗೇ ಇಟ್ಟುಕೊಂಡೆವು.

ಇನ್ನೊಂದು ವಾದ: 'ಸೋತವನು ಅಭ್ಯಾಸ ಮಾಡಿಕೊಂಡು ಬರಲಿ.' ಎಲ್ಲಿ? ಕ್ರಿಕೆಟ್ಟಿಗೆ ಗಲ್ಲಿ ಇದೆ. ಶಟ್ಲಿಗೆ ಮನೆಯ ಮುಂದಿನ ರಸ್ತೆ ಸಾಕು. ಟಿಟಿ ಟೇಬಲ್ ಉದ್ದ 2.74 ಮೀಟರ್, ಅಗಲ 1.525 ಮೀಟರ್. ಸುತ್ತ ಓಡಾಡಲು ಅದರ ಎರಡು ಮೂರರಷ್ಟು ಜಾಗ ಬೇಕು. ನಮ್ಮೂರಿನಲ್ಲಿ ಯಾರ ಮನೆಯ ಹಾಲಿನಲ್ಲಿ ಇದು ಹಿಡಿಯುತ್ತದೆ? ಈ ಆಟಕ್ಕೆ ಕ್ಲಬ್ಬು ಬಿಟ್ಟರೆ ಬೇರೆ ಜಾಗವಿಲ್ಲ. ಕ್ಲಬ್ಬಿನಲ್ಲಿ ಬೆಂಚಿನ ಮೇಲೆ ಕೂರಿಸಿ 'ಅಭ್ಯಾಸ ಮಾಡಿಕೊಂಡು ಬಾ' ಅನ್ನುವುದು, ಕೆರೆಗೆ ಇಳಿಸದೆ 'ಈಜು ಕಲಿತು ಬಾ' ಅಂದ ಹಾಗೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ನಿಮಗೆ ನೆನಪಿರಬಹುದು. ಭಾರತದ ಟಿಟಿ ತಂಡಗಳು ಒಲಿಂಪಿಕ್ಸಿನ ತಂಡ ಸ್ಪರ್ಧೆಗೆ ಅರ್ಹತೆ ಪಡೆದದ್ದೇ ಅದು ಮೊದಲ ಸಲ. ಮನಿಕಾ ಬಾತ್ರಾ, ಶ್ರೀಜಾ ಅಕುಲಾ ಮತ್ತು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಇದ್ದ ಮಹಿಳಾ ತಂಡ ರೊಮೇನಿಯಾವನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಆ ಆಗಸ್ಟಿನಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಹೊಸ ಸಹಿಗಳು ಒಂದಾದ ಮೇಲೊಂದು ಬಿದ್ದಿವೆ. ಹುಡುಗಿಯರ ಹೆಸರುಗಳೂ ಇವೆ. ದಸರಾ ಹೊತ್ತಿಗೆ ಪುಟ ಮತ್ತೆ ಖಾಲಿ. ತಾನಾಗಿ ಬಂದ ನೀರನ್ನು ತೂತು ಕೊಡದಲ್ಲಿ ಹಿಡಿದೆವು.

ಸದಸ್ಯರು ಕಡಿಮೆಯಾದಾಗ ಸಮಿತಿಗಳು ಮಾಡುವ ಕೆಲಸ ಎರಡು. ಮೊದಲನೆಯದು ಟೂರ್ನಮೆಂಟ್. ಬ್ಯಾನರು, ಮುಖ್ಯ ಅತಿಥಿ, ಶಾಲು, ಹಾರ, ಮೊಳದುದ್ದದ ಕಪ್ಪು. ನಾಕೌಟ್ ಪಂದ್ಯಾವಳಿಗೆ 32 ಜನ ಹೆಸರು ಕೊಟ್ಟರೆ ಮೊದಲ ಸುತ್ತಿಗೇ 16 ಜನರ ಕತೆ ಮುಗಿಯಿತು. ಯಾರು ಆ 16 ಜನ? ಇನ್ನೂ ಕಲಿಯುತ್ತಿರುವವರು, ಬೆಳಗ್ಗೆ ಎದ್ದು ಹೊಸ ಬಿಳಿ ಸಾಕ್ಸ್ ಹಾಕಿಕೊಂಡು ಬಂದವರು. ಹತ್ತು ಗಂಟೆಗೆ ಬಂದವರು ಹತ್ತೂಕಾಲಿಗೆ ಪ್ರೇಕ್ಷಕರು. ನಾಲ್ಕು ನಾಲ್ಕು ಜನರ ಎಂಟು ಗುಂಪು ಮಾಡಿದರೆ ಪ್ರತಿಯೊಬ್ಬರಿಗೂ ಕನಿಷ್ಠ ಮೂರು ಪಂದ್ಯ ಸಿಗುತ್ತದೆ. ಗುಂಪಿನ ಹಂತಕ್ಕೆ 48 ಪಂದ್ಯವಾಗುತ್ತದೆ, ಒಂದು ದಿನದ ಕೆಲಸ ಎರಡು ದಿನಕ್ಕೆ ಹೋಗುತ್ತದೆ. ಆದರೆ ಎರಡನೇ ದಿನಕ್ಕೆ ಮುಖ್ಯ ಅತಿಥಿ ಸಿಗುವುದಿಲ್ಲವಲ್ಲ!

ಎರಡನೆಯದು ಕೋಚಿಂಗ್. ಕೋಚಿಂಗ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕೋಚಿಂಗ್ ಒಂದೇ ಕ್ಲಬ್ಬಾಗುವುದಿಲ್ಲ. ಮಕ್ಕಳು ಒಂಬತ್ತನೇ ತರಗತಿಯವರೆಗೆ ಬರುತ್ತಾರೆ. ಹತ್ತನೇ ತರಗತಿಗೆ ಬಂದ ಕೂಡಲೇ ಅಪ್ಪ ಅಮ್ಮ ಬ್ಯಾಟನ್ನು ಅಟ್ಟಕ್ಕೆ ಹಾಕುತ್ತಾರೆ. ಡಿಗ್ರಿಗೆ ಬಂದಾಗ ಆ ಹುಡುಗ ವಾಪಸ್ ಬರಬೇಕಾದರೆ ಇಲ್ಲಿ ಅವನನ್ನು ಹೆಸರು ಹಿಡಿದು ಕರೆಯುವ ನಾಲ್ಕು ಜನ ಇರಬೇಕು. ಆ ನಾಲ್ಕು ಜನ ಚಾಂಪಿಯನ್ನುಗಳಲ್ಲ. ಸುಮಾರಾಗಿ ಆಡುವ, ದಿನಾ ಬರುವ, ಸೋತರೂ ನಗುವ ಮಂದಿ. ಅವರನ್ನೇ ನಾವು ಓಡಿಸಿದ್ದು.

ಹಾಗಾದರೆ ಏನು ಮಾಡಬೇಕು? ಉತ್ತರ ಈ ಆಟದ ನಿಯಮದೊಳಗೇ ಇದೆ. ಬ್ಯಾಡ್ಮಿಂಟನ್ನಿನಲ್ಲಿ, ಟೆನಿಸ್ಸಿನಲ್ಲಿ ಡಬಲ್ಸ್ ಆಡುವಾಗ ಜೋರಿನವನು ಮುನ್ನುಗ್ಗಿ ಸಾಲು ಸಾಲು ಹೊಡೆತ ತಾನೇ ಹೊಡೆಯಬಹುದು. ಟೇಬಲ್ ಟೆನಿಸ್ಸಿನಲ್ಲಿ ಸಾಧ್ಯವಿಲ್ಲ. ಜೋಡಿಯ ಇಬ್ಬರೂ ಸರದಿಯಂತೆ ಒಬ್ಬರಾದ ಮೇಲೆ ಒಬ್ಬರು ಹೊಡೆಯಲೇಬೇಕು. ಸರದಿ ತಪ್ಪಿದರೆ ಪಾಯಿಂಟ್ ಎದುರಾಳಿಗೆ. ಅಂದರೆ ಈ ಆಟದಲ್ಲಿ ದುರ್ಬಲನನ್ನು ಮೂಲೆಗೆ ನಿಲ್ಲಿಸಿ ಗೆಲ್ಲುವ ದಾರಿಯನ್ನೇ ನಿಯಮ ಮುಚ್ಚಿಬಿಟ್ಟಿದೆ.

ಎರಡು ತಿಂಗಳಿಂದ ಮಂಗಳವಾರ ಮತ್ತು ಗುರುವಾರ ನಾವು ಡಬಲ್ಸ್ ಮಾತ್ರ ಆಡಿಸುತ್ತಿದ್ದೇವೆ. ಚೀಟಿ ಎತ್ತಿ ಜೋಡಿ. ಎಂಟು ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತೇವೆ. ಯಾರು ಮುಂದಿದ್ದಾರೋ ಅವರು ಗೆದ್ದಂತೆ. ಆದರೆ ಗೆದ್ದರೂ ಸೋತರೂ ಹೆಚ್ಚು ಹೊತ್ತು ಆಡಿದವರು ಇಳಿಯಬೇಕು. ಅದೇ 14 ಜನ, ಅದೇ ಎರಡು ಟೇಬಲ್, ಅದೇ 120 ನಿಮಿಷ. ಒಂದೇ ಹೊತ್ತಿಗೆ ಎಂಟು ಜನ ಆಡುವುದರಿಂದ ತಲೆಗೆ ಸುಮಾರು 68 ನಿಮಿಷ ಆಟ ಸಿಗುತ್ತದೆ. ಇಪ್ಪತ್ತೆಲ್ಲಿ, ಅರವತ್ತೆಂಟೆಲ್ಲಿ!

ಇದರಲ್ಲಿ ನಾನು ಎಣಿಸದೇ ಇದ್ದ ಒಂದು ಲಾಭವೂ ಆಯಿತು. ನಮ್ಮಲ್ಲಿ ನಿವೃತ್ತ ಕ್ಯಾಷಿಯರ್ ಒಬ್ಬರಿದ್ದಾರೆ, ಸಿಕ್ಕಿದ್ದನ್ನೆಲ್ಲ ಸ್ಮ್ಯಾಶ್ ಮಾಡುವವರು. ಚೀಟಿಯಲ್ಲಿ ಅವರಿಗೆ ಬಿ.ಕಾಂ. ಹುಡುಗನೊಬ್ಬ ಜೋಡಿಯಾಗಿ ಬಂದ. ಅವರು ಬೀಸಿದ ಹೊಡೆತ ಅಷ್ಟೇ ರಭಸದಲ್ಲಿ ಹಿಂದಿರುಗಿದಾಗ ಅದನ್ನು ಎದುರಿಸಬೇಕಾದವನು ಆ ಹುಡುಗ. ಮೂರನೇ ವಾರಕ್ಕೆ ಕ್ಯಾಷಿಯರ್ ಸಾಹೇಬರು ಚೆಂಡನ್ನು ಎಲ್ಲಿ ಇಟ್ಟರೆ ಹುಡುಗನಿಗೆ ಅನುಕೂಲ ಎಂದು ಯೋಚಿಸಿ ಆಡತೊಡಗಿದರು. 'ಸರ್ವಿಸ್ ನೋಡ್ಬೇಡ ಕಣಪ್ಪಾ, ನನ್ನ ಮಣಿಕಟ್ಟು ನೋಡು' ಎಂದು ಬೆಂಚಿನಲ್ಲಿ ಕೂತು ಹೇಳಿಕೊಡುವುದನ್ನೂ ಕೇಳಿದೆ. ಇಪ್ಪತ್ತು ವರ್ಷದಿಂದ ಅವರು ಆ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಸಿಂಗಲ್ಸಿನ ದಿನ ಹೊಸಬರಿಗೆ ಐದು ಪಾಯಿಂಟ್ ಮುಂಗಡ ಕೊಡುತ್ತೇವೆ. 'ಭಿಕ್ಷೆ ಪಾಯಿಂಟ್' ಎಂದು ಕೆಲವರು ಗೊಣಗಿದರು. ಗಾಲ್ಫ್ ಆಡುವ ದೊಡ್ಡ ಮನುಷ್ಯರು ತಮ್ಮ ಹ್ಯಾಂಡಿಕ್ಯಾಪ್ ಎಷ್ಟೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಮಗೇಕೆ ಅವಮಾನ? ಹಳೇ ಹುಲಿ 0-5ರಿಂದ ಶುರು ಮಾಡಿ 11 ಮುಟ್ಟಬೇಕಾದರೆ ಒಂದು ಸರ್ವಿಸನ್ನೂ ಉದಾಸೀನದಿಂದ ಹಾಕುವಂತಿಲ್ಲ. 11-2 ಗೆಲುವಿನಲ್ಲಿ ಅವನು ಕಲಿಯುವುದೇನೂ ಇಲ್ಲ. ಆಟದ ಮಟ್ಟ ಕುಸಿಯುತ್ತದೆ ಎಂದು ಹೆದರಿಸುವವರು ಇದನ್ನು ಆಡಿ ನೋಡಲಿ. ಶನಿವಾರ ಬೇಕಾದರೆ ಅವರದ್ದೇ ಇರಲಿ, ಗೆದ್ದವರೇ ನಿಲ್ಲಲಿ. ವಾರದ ಮಿಕ್ಕ ಸಂಜೆಗಳು ಎಲ್ಲರ ಚಂದಾದಿಂದ ನಡೆಯುತ್ತವೆ, ಎಲ್ಲರದ್ದಾಗಿರಲಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಟಿಟಿ ಬ್ಯಾಟ್ ಹಿಡಿಯದವರು ಇರಬಹುದು. ನಿಮ್ಮ ಕಾಲೇಜಿನ ಓದುಗರ ಬಳಗ, ಊರಿನ ಹವ್ಯಾಸಿ ನಾಟಕ ತಂಡ, ತಿಂಗಳಿಗೊಮ್ಮೆ ಸೇರುವ ಕವಿಗೋಷ್ಠಿ ನೆನಪಿಸಿಕೊಳ್ಳಿ. ಅದೇ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಬೆಂಚಿನ ಮೇಲೆ. ಮುಂದಿನ ತಿಂಗಳು ಬೆಂಚು ಖಾಲಿಯಾದಾಗ ಆ ನಾಲ್ವರು 'ಈಗಿನವರಿಗೆ ಆಸಕ್ತಿಯೇ ಇಲ್ಲ' ಎಂದು ಮರುಗುತ್ತಾರೆ.

ಆಟ ನಡೆಯುವ ನಮ್ಮ ಹಾಲು ಪುರಸಭೆಯದ್ದು. ಸದಸ್ಯರ ಪಟ್ಟಿ ಕೇಳಿದ್ದು ಸುಮ್ಮನೆ ಅಲ್ಲ. ಬಳಕೆ ಕಡಿಮೆಯಿದ್ದರೆ ಸಾಮಾನು ಇಡುವುದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಬಾಯಿಮಾತಿನಲ್ಲಿ ತಿಳಿಸಿದ್ದಾರೆ. ಈ ಭಾನುವಾರ ನಮ್ಮ ಸಭೆ ಇದೆ. ಡಬಲ್ಸ್ ದಿನಗಳನ್ನು ಖಾಯಂ ಮಾಡಬೇಕು, ಸೋತವರನ್ನು ಇಳಿಸುವ ಪದ್ಧತಿಯನ್ನು ಶನಿವಾರಕ್ಕೆ ಸೀಮಿತಗೊಳಿಸಬೇಕು ಎಂಬ ನಿರ್ಣಯ ಮಂಡಿಸುತ್ತೇನೆ. ಮತಕ್ಕೆ ಹಾಕಿದರೆ ಗೆಲ್ಲುತ್ತೇನೆಂಬ ಧೈರ್ಯವಿಲ್ಲ. ಮತ ಹಾಕಲು ಬರುವವರು ಉಳಿದವರು ತಾನೇ, ಬಿಟ್ಟುಹೋದವರಲ್ಲ.

ಶಿಕ್ಷಕಿ ಇನ್ನೂ ವಾಪಸ್ ಬಂದಿಲ್ಲ. ಮಂಗಳವಾರ ಡಬಲ್ಸ್ ಇದೆ, ಬಂದರೆ ಆಡಲು ಸಿಗುತ್ತದೆ ಎಂದು ಫೋನ್ ಮಾಡಿ ಹೇಳಿದ್ದೇನೆ. 'ನೋಡೋಣ ಸರ್' ಅಂದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನು ನಾನು ಹೊಡೆದು ಹಾಕಿಲ್ಲ.